ಬಿಲ್ಲೆಯ ಅಂಚು

ಒಡಿಶಾದ ತಾಲ್ಚೇರಿನಿಂದ ನಮ್ಮ ಕೋಲಾರಕ್ಕೆ 5 ಲಕ್ಷ ವೋಲ್ಟುಗಳ ಏಕಮುಖ ವಿದ್ಯುತ್ತು 2003ರಿಂದ ಹರಿದುಬರುತ್ತಿರುವುದು ಕೇಳುಗರಿಗೆ ತಿಳಿದಿರಬಹುದು. ಅದನ್ನು ಮನೆಗಳಿಗೆ ಒಗ್ಗುವ ಪರ್ಯಾಯ ವಿದ್ಯುತ್ತಾಗಿ ಮಾರ್ಪಡಿಸುವುದು ಥೈರಿಸ್ಟರ್ ಎಂಬ ಸಿಲಿಕಾನ್ ಬಿಲ್ಲೆಗಳ ಸಾಲು. ಒಂದೊಂದು ಬಿಲ್ಲೆಯೂ ಸಾವಿರಾರು ವೋಲ್ಟುಗಳನ್ನು ತಡೆಹಿಡಿಯಬೇಕು; ದಪ್ಪವೋ, ಒಂದೆರಡು ಮಿಲಿಮೀಟರನ್ನು ಮೀರದು. ಕನ್ನಡ ಪಾಠ ಹೇಳಿದ ನನ್ನನ್ನು ಇತ್ತ ಎಳೆದದ್ದು ಒಂದೇ ಪ್ರಶ್ನೆ: ಇಂಥ ಬಿಲ್ಲೆ ಸೋಲುವುದಾದರೆ ಎಲ್ಲಿ ಸೋಲುತ್ತದೆ?

ಸಿಲಿಕಾನಿನೊಳಗೆ ವಿದ್ಯುತ್‌ಕ್ಷೇತ್ರವು ಸೆಂಟಿಮೀಟರಿಗೆ ಸುಮಾರು 2–3 ಲಕ್ಷ ವೋಲ್ಟುಗಳನ್ನು ಮುಟ್ಟಿತೆಂದರೆ, ವೇಗಗೊಂಡ ಎಲೆಕ್ಟ್ರಾನು ಪರಮಾಣುವಿಗೆ ಬಡಿದು ಇನ್ನೊಂದನ್ನು ಬಿಡಿಸುತ್ತದೆ. ಎರಡು ನಾಲ್ಕಾಗುತ್ತವೆ, ತಡೆ ಮುರಿಯುತ್ತದೆ. ಬಿಲ್ಲೆಯ ನಡುವೆ ಕ್ಷೇತ್ರ ಸಮನಾಗಿ ಹರಡಿರುತ್ತದೆ. ಅಂಚಿನಲ್ಲಿ, ಎರಡು ಬಗೆಯ ಸಿಲಿಕಾನ್ ಕೂಡುವ ಸಂಧಿ (ಇದು ವ್ಯಾಕರಣದ ಸಂಧಿಯಲ್ಲ) ಬಾಗಿದೆಡೆಯಲ್ಲಿ, ಅದು ಒತ್ತೊತ್ತಾಗಿ ಕೂಡಿಕೊಳ್ಳುತ್ತದೆ. ಆದ್ದರಿಂದಲೇ ದೊಡ್ಡ ಬಿಲ್ಲೆಗಳ ಅಂಚನ್ನು ಓರೆಯಾಗಿ ಸಾಣೆಹಿಡಿಯುತ್ತಾರೆ. ಚಿಕ್ಕವುಗಳಲ್ಲಿ ಒಂದರ ಸುತ್ತ ಒಂದು ಉಂಗುರವಿಟ್ಟು ವೋಲ್ಟುಗಳನ್ನು ಹಂಚುತ್ತಾರೆ. ಉಂಗುರಗಳ ನಡುವಣ ಅಂತರ ಎಷ್ಟಿರಬೇಕು? ಒಳಗೆ ಮಾಪಕವನ್ನು ತೂರಿಸಿ ನೋಡುವಂತಿಲ್ಲ. ಗಣಕಯಂತ್ರ ಬೇಕಾಗುವುದು ಇಲ್ಲಿಯೇ.

ಬಿಲ್ಲೆಯ ಅಡ್ಡಕೊಯ್ತವನ್ನು ಸಾವಿರಾರು ತ್ರಿಕೋನಗಳ ಬಲೆಯಾಗಿ ವಿಂಗಡಿಸುತ್ತಾರೆ. ಪ್ರತಿ ಗಂಟಿನಲ್ಲಿಯೂ ಮೂರು ಅಜ್ಞಾತಗಳು: ವಿಭವ, ಎಲೆಕ್ಟ್ರಾನುಗಳ ಸಾಂದ್ರತೆ, ಅವು ತೆರವುಮಾಡಿದ ರಂಧ್ರಗಳ ಸಾಂದ್ರತೆ. ಮೂರೂ ಒಂದನ್ನೊಂದು ನಿರ್ಧರಿಸುವುದರಿಂದ ಊಹಿಸಿ, ತಿದ್ದಿ, ಮತ್ತೆ ತಿದ್ದಿ ಉತ್ತರಕ್ಕೆ ಬರಬೇಕು. ಅಮೆರಿಕದ ಬೆಲ್ ಪ್ರಯೋಗಾಲಯದ ಹರ್ಮನ್ ಗುಮೆಲ್ 1964ರಲ್ಲಿ ಈ ದಾರಿ ತೋರಿದರು. ಇನ್ನೊಂದು ತೊಡಕು ಉಳಿದಿತ್ತು. ನೆರೆಯ ಎರಡು ಗಂಟುಗಳ ನಡುವೆ ಸಾಂದ್ರತೆ ಲಕ್ಷಪಟ್ಟು ಬದಲಾಗಬಹುದು. ಅಲ್ಲಿ ಸರಳರೇಖೆ ಎಳೆದರೆ, ಸೊನ್ನೆಗಿಂತಲೂ ಕಡಿಮೆ ಎಲೆಕ್ಟ್ರಾನುಗಳಿವೆಯೆಂದು ಲೆಕ್ಕ ಹೇಳಿಬಿಡುತ್ತದೆ! 1969ರಲ್ಲಿ ಶಾರ್ಫೆಟರ್ ಮತ್ತು ಗುಮೆಲ್, ಗಂಟಿನಿಂದ ಗಂಟಿಗೆ ಹರಿವು ಬದಲಾಗದೆಂದು ಹಿಡಿದು, ಸಾಂದ್ರತೆಯನ್ನು ಘಾತೀಯ ವಕ್ರರೇಖೆಯಲ್ಲಿ ಏರಿಳಿಯಗೊಟ್ಟರು. ಇಂದಿಗೂ ಈ ಬಗೆಯ ಲೆಕ್ಕಗಳು ಬಹುಮಟ್ಟಿಗೆ ಆ ಉಪಾಯವನ್ನೇ ನೆಚ್ಚಿವೆ.

ಇದಕ್ಕೆ ಗಣಕದ ಅನುಕರಣೆ ಎಂದು ಹೆಸರು. ಆ ಮಾತು ಕಿವಿಗೆ ಬಿದ್ದಾಗಲೆಲ್ಲ, ರಸವನ್ನೇ ಅನುಕರಣೆಯೆಂದ ಶಂಕುಕನ ಚಿತ್ರತುರಗ ನನಗೆ ನೆನಪಾಗುತ್ತದೆ. ಚಿತ್ರದ ಕುದುರೆಯನ್ನು ಕುದುರೆಯೆಂದೇ ಗ್ರಹಿಸುತ್ತೇವೆ, ಸವಾರಿಗೆ ಹೊರಡುವುದಿಲ್ಲ. ಎಲ್ಲಿ ಮುರಿಯುತ್ತದೆಂಬುದಕ್ಕೆ ಗಣಕ ಕೊಡುವ ಉತ್ತರವನ್ನು ನಂಬಲು ನಾನು ಸಿದ್ಧ. ಎಷ್ಟು ವೋಲ್ಟಿಗೆ ಎಂಬುದನ್ನು ಅಷ್ಟು ಸುಲಭವಾಗಿ ಅಲ್ಲ. ಎಲೆಕ್ಟ್ರಾನುಗಳು ಹೀಗೆ ಬಡಿದು ಹೆಚ್ಚುವ ಪ್ರಮಾಣ ಕ್ಷೇತ್ರದೊಡನೆ ಬಹು ಕಡಿದಾಗಿ ಏರುತ್ತದೆ; ಅದರ ಅಂಕಿಗಳನ್ನು ಅಳತೆಯಿಂದ ತಂದು ಗಣಕಕ್ಕೆ ಉಣಿಸಬೇಕು. ಮೇಲ್ಮೈಯ ಆಕ್ಸೈಡ್ ಪದರದಲ್ಲಿ ಸಿಕ್ಕಿಕೊಂಡ ವಿದ್ಯುದಾವೇಶವಂತೂ ತಯಾರಿಕೆಯಿಂದ ತಯಾರಿಕೆಗೆ ಬೇರೆಯಾಗುತ್ತದೆ. ಉಂಗುರಗಳ ಅಂತರವನ್ನು ಗಣಕದಲ್ಲಿ ಗೊತ್ತುಮಾಡಿದ ಮೇಲೂ ಕೆಲವು ಬಿಲ್ಲೆಗಳನ್ನು ನಿಜವಾಗಿ ಮಾಡಿ, ವೋಲ್ಟು ಏರಿಸುತ್ತ, ತಡೆ ಮುರಿಯುವ ತನಕ ಪರೀಕ್ಷಿಸುವುದು ಅದಕ್ಕಾಗಿಯೇ.