ಒಂದೇ ಒಲೆಯ ಅನ್ನ ಉಂಡವರಿಗೆ ಒಂದು ಮಾತ್ರೆ

ಕುಷ್ಠರೋಗ ಔಷಧಿಯಿಂದ ಪೂರ್ತಿ ವಾಸಿಯಾಗುತ್ತದೆ ಎಂಬುದು ಈಗ ಬಹಳ ಜನರಿಗೆ ಗೊತ್ತು. ಆದರೆ ರೋಗಿಯ ಮನೆಯವರಿಗೂ ಅಕ್ಕಪಕ್ಕದವರಿಗೂ ಅದು ಬಾರದಂತೆ ತಡೆಯಲು ಒಂದು ಮಾತ್ರೆ ಇದೆ ಎಂದರೆ ಓದಿದವರೂ ಹುಬ್ಬೇರಿಸುತ್ತಾರೆ. ಕೊಪ್ಪಳ ಜಿಲ್ಲೆಯ ಹಳ್ಳಿಗಳಲ್ಲಿ ಆರೋಗ್ಯ ಸಹಾಯಕಿಯಾಗಿ ತಿರುಗುವ ನನಗೆ ಆ ಮಾತ್ರೆ ಕೊಡುವುದು ಸುಲಭದ ಕೆಲಸ. ಅದು ಯಾರಿಗೆ ಬೇಕು ಎಂದು ತಿಳಿದುಕೊಳ್ಳುವುದೇ ಕಷ್ಟ.

"ಅಕ್ಕಾರ, ಮಾತ್ರಿ ನನಗ ಕೊಡ್ರಿ, ನುಂಗ್ತೀನಿ. ಓಣಿಯಾಗ ಮಾತ್ರ ಹೇಳಬ್ಯಾಡ್ರಿ. ಮಗಳ ಲಗ್ನ ನಿಂತ್ಹೋಗ್ತೈತಿ" ಎಂದು ಕೈಮುಗಿದ ತಂದೆಗೆ ಏನು ಹೇಳಲಿ? ಅವರ ಭಯ ಸುಳ್ಳಲ್ಲ. 2019ರಲ್ಲಿ ಕಾನೂನು ತಿದ್ದುಪಡಿಯಾಗುವವರೆಗೆ ಕುಷ್ಠರೋಗವನ್ನು ವಿಚ್ಛೇದನಕ್ಕೆ ಕಾರಣವೆಂದು ತೋರಿಸಲು ಅವಕಾಶವಿತ್ತು. ಕಾನೂನು ಬದಲಾಯಿತು, ಓಣಿ ಇನ್ನೂ ಬದಲಾಗಿಲ್ಲ. ಹಾಗಾಗಿ ರೋಗಿ ಒಪ್ಪದೆ ನಾವು ನೆರೆಮನೆಯ ಬಾಗಿಲು ತಟ್ಟುವುದಿಲ್ಲ. ಒಪ್ಪಿದ ಮೇಲೂ ಅವರ ಹೆಸರೆತ್ತದೆ, ಚರ್ಮದ ತಪಾಸಣೆ ಎಂದು ಓಣಿಯನ್ನೆಲ್ಲ ನೋಡುತ್ತೇವೆ.

ಈ ರೋಗ ಮುಟ್ಟಿದ ಮಾತ್ರಕ್ಕೆ ಅಂಟುವುದಿಲ್ಲ. ಚಿಕಿತ್ಸೆ ಪಡೆಯದ ರೋಗಿಯ ಮೂಗು, ಬಾಯಿಯಿಂದ ಬರುವ ಹನಿಗಳ ಮೂಲಕ, ಬಹುಕಾಲ ಹತ್ತಿರದಲ್ಲಿ ಬಾಳಿದವರಿಗೆ ಹರಡುತ್ತದೆ. ಹೆಚ್ಚಿನವರ ದೇಹ ರೋಗಾಣುವನ್ನು ತಾನೇ ಸೋಲಿಸುತ್ತದೆ. ಸೋಲಿಸಲಾಗದವರಲ್ಲಿ ಲಕ್ಷಣ ಕಾಣಲು ಸರಾಸರಿ 5 ವರ್ಷ ಬೇಕು, ಕೆಲವರಿಗೆ 20 ವರ್ಷವೂ ಆಗಬಹುದು. ಅಂದರೆ ಅಪ್ಪನ ಬೆನ್ನ ಮೇಲೆ ಮಚ್ಚೆ ಕಂಡ ದಿನ, ಅದೇ ಮನೆಯ ಮಗುವಿನಲ್ಲಿ ರೋಗಾಣು ಸದ್ದಿಲ್ಲದೆ ಕೂತಿರಬಹುದು. ಮಾತ್ರೆ ಬೇಕಾಗುವುದು ಈ ಹಂತದಲ್ಲಿ.

ಅದರ ಹೆಸರು ರಿಫಾಂಪಿಸಿನ್. ಕುಷ್ಠರೋಗಿಗಳು 6 ಅಥವಾ 12 ತಿಂಗಳು ತೆಗೆದುಕೊಳ್ಳುವ ಬಹುಔಷಧಿ ಚಿಕಿತ್ಸೆಯಲ್ಲಿ ಇದೂ ಒಂದು. ಸಂಪರ್ಕದಲ್ಲಿರುವವರಿಗೆ ಒಂದೇ ಸಲ, ವಯಸ್ಸು ಮತ್ತು ತೂಕ ನೋಡಿ ಕೊಡುತ್ತೇವೆ. ದೊಡ್ಡವರಿಗೆ 600 ಮಿಲಿಗ್ರಾಂ. ಬಾಂಗ್ಲಾದೇಶದ ವಾಯವ್ಯ ಭಾಗದಲ್ಲಿ 20 ಸಾವಿರಕ್ಕೂ ಹೆಚ್ಚು ಸಂಪರ್ಕಿತರ ಮೇಲೆ ನಡೆದ ಅಧ್ಯಯನದ ಫಲಿತಾಂಶ 2008ರಲ್ಲಿ ಹೊರಬಂತು. ಎರಡು ವರ್ಷಗಳಲ್ಲಿ, ಈ ಔಷಧಿ ಪಡೆದವರಲ್ಲಿ ಹೊಸ ಪ್ರಕರಣಗಳು ಸುಮಾರು 57% ಕಡಿಮೆಯಾಗಿದ್ದವು. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಇದನ್ನು ಶಿಫಾರಸು ಮಾಡಿತು.

ಮಾತ್ರೆ ನುಂಗಿದ ಮೇಲೆ ಒಂದು ದಿನ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಮೊದಲೇ ಹೇಳದಿದ್ದರೆ ಜನ ಗಾಬರಿಯಾಗುತ್ತಾರೆ, ಆಮೇಲೆ ಇಡೀ ಓಣಿಯೇ ಮಾತ್ರೆ ಬೇಡವೆನ್ನುತ್ತದೆ. ಗರ್ಭಿಣಿಯರಿಗೆ, ಎರಡು ವರ್ಷ ತುಂಬದ ಕೂಸುಗಳಿಗೆ, ಯಕೃತ್ತು ಅಥವಾ ಮೂತ್ರಪಿಂಡದ ಕಾಯಿಲೆ ಇರುವವರಿಗೆ ಕೊಡುವುದಿಲ್ಲ. ಕೆಮ್ಮು, ಜ್ವರ ಇದ್ದರೆ ಮೊದಲು ಕ್ಷಯ ಇಲ್ಲವೆಂದು ಖಚಿತವಾಗಬೇಕು. ಮೈಮೇಲೆ ಮಚ್ಚೆ ಇದ್ದವರಿಗೆ ಈ ಒಂದು ಮಾತ್ರೆ ಸಾಲದು, ಅವರಿಗೆ ಪೂರ್ಣ ಚಿಕಿತ್ಸೆಯೇ ಬೇಕು.

ಅದಕ್ಕೇ ಮಾತ್ರೆಗಿಂತ ಮುಂಚೆ ತಪಾಸಣೆ. ಹಗಲಿನ ಬೆಳಕಿನಲ್ಲಿ ಮೈಯೆಲ್ಲ ನೋಡಬೇಕು. ಬಣ್ಣ ಮಾಸಿದ ಅಥವಾ ಕೆಂಪಗಿನ ಮಚ್ಚೆ ಕಂಡರೆ ಕಣ್ಣು ಮುಚ್ಚಿಸಿ ಪೆನ್ನಿನ ತುದಿಯಿಂದ ಮೆಲ್ಲಗೆ ಮುಟ್ಟುತ್ತೇವೆ. ಮುಟ್ಟಿದ್ದು ತಿಳಿಯದಿದ್ದರೆ ವೈದ್ಯರ ಬಳಿ ಕಳಿಸುತ್ತೇವೆ. ಬೆನ್ನು, ತೊಡೆ ತೋರಿಸಲು ಹೆಂಗಸರು ಹಿಂಜರಿಯುತ್ತಾರೆ, ಆದ್ದರಿಂದ ಅವರನ್ನು ಹೆಂಗಸರೇ ನೋಡಬೇಕು. ಕೈಕಾಲು ಮಾತ್ರ ನೋಡಿ ಪಟ್ಟಿ ತುಂಬುವುದು ತಪಾಸಣೆಯೇ ಅಲ್ಲ ಎಂದು ನಾನು ಕಿರಿಯರಿಗೆ ಪದೇಪದೇ ಹೇಳುತ್ತೇನೆ.

ಬಾಂಗ್ಲಾದೇಶದ ಆ ಅಧ್ಯಯನದಲ್ಲಿ ಇನ್ನೊಂದು ಸಂಗತಿಯೂ ಕಂಡಿತ್ತು. ಮಾತ್ರೆಯ ರಕ್ಷಣೆ ನೆರೆಹೊರೆಯವರಿಗೆ ಹೆಚ್ಚು, ರೋಗಿಯ ರಕ್ತಸಂಬಂಧಿಗಳಿಗೆ ಕಡಿಮೆ. ಹಾಗಾಗಿ ಮನೆಯವರು ಮಾತ್ರೆ ನುಂಗಿ ನಿಶ್ಚಿಂತರಾಗುವಂತಿಲ್ಲ. ಕನಿಷ್ಠ ಐದು ವರ್ಷ, ವರ್ಷಕ್ಕೊಮ್ಮೆ ಮೈ ತೋರಿಸಿಕೊಳ್ಳಬೇಕು. ಹುಟ್ಟಿದಾಗ ಹಾಕುವ ಬಿಸಿಜಿ ಲಸಿಕೆಯೂ ಸ್ವಲ್ಪ ಕಾಪಾಡುತ್ತದೆ, ಅದನ್ನು ತಪ್ಪಿಸಬೇಡಿ.

2005ರ ಕೊನೆಗೆ ರಾಷ್ಟ್ರಮಟ್ಟದಲ್ಲಿ ರೋಗಿಗಳ ಪ್ರಮಾಣ 10 ಸಾವಿರಕ್ಕೆ ಒಂದಕ್ಕಿಂತ ಕೆಳಗಿಳಿದಾಗ ರೋಗವೇ ಹೋಯಿತೆಂದು ಹಲವರು ತಿಳಿದರು. ಇಂದಿಗೂ ಜಗತ್ತಿನ ಹೊಸ ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಭಾರತದವರು. ನಿಮ್ಮ ಮನೆಯಲ್ಲಿ ಯಾರಾದರೂ ಚಿಕಿತ್ಸೆ ಆರಂಭಿಸಿದ್ದರೆ, ಎಲ್ಲರೂ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಮೈ ತೋರಿಸಿ, ಮಾತ್ರೆ ಕೇಳಿ. ಎರಡಕ್ಕೂ ದುಡ್ಡಿಲ್ಲ.