ಸೀಬೇಹಣ್ಣಿನ ಕೋಸಂಬರಿ

ನಮ್ಮ ಬಯಲುಸೀಮೆಯ ಗ್ರಾಮಗಳಲ್ಲಿ ಸೀಬೇಮರವಿರುವ ಹಿತ್ತಿಲುಗಳು ಅನೇಕ. ಆದರೆ ಆ ಮರದ ಫಲವು ಮನೆಯವರ ಊಟದ ಎಲೆಗೆ ಬರುವುದು ಅಪರೂಪ. ಹುಡುಗರು ಕಿತ್ತು ತಿಂದು, ಗಿಳಿ ಬಾವಲಿಗಳು ಕಚ್ಚಿ, ಮಿಕ್ಕದ್ದು ಮರದಡಿಯಲ್ಲಿ ಬಿದ್ದು ಕೊಳೆಯುವುದು. ಸೀಬೆಯಿಂದ ನೆಗಡಿಯಾಗುವುದೆಂದು ಹೇಳಿ ಮಕ್ಕಳಿಗೆ ಅದನ್ನು ತಪ್ಪಿಸುವ ತಾಯಂದಿರೂ ಉಂಟು. ನೆಗಡಿಯು ಒಬ್ಬರಿಂದೊಬ್ಬರಿಗೆ ಹರಡುವ ಸೂಕ್ಷ್ಮ ರೋಗಾಣುಗಳಿಂದ ಬರತಕ್ಕದ್ದೇ ಹೊರತು ಹಣ್ಣಿನಿಂದಲ್ಲ.

ಈ ಮರವು ಮೂಲತಃ ಅಮೆರಿಕಾ ಖಂಡದ ಉಷ್ಣಪ್ರದೇಶದ್ದು. ನಮ್ಮ ಕರಾವಳಿಯವರು ಇದನ್ನು ಪೇರಳೆ ಎನ್ನುವರು. ೧೦೦ ಗ್ರಾಂ ಹಣ್ಣಿನಲ್ಲಿ ಸುಮಾರು ೨೦೦ ಮಿಲಿಗ್ರಾಂ ‘ಸಿ’ ಜೀವಸತ್ವವಿರುವುದು. ಕಿತ್ತಳೆಯಲ್ಲಿರುವುದು ಸುಮಾರು ಇದರ ಕಾಲುಭಾಗ ಮಾತ್ರ. ರಾಗಿ, ಬೇಳೆ, ಸೊಪ್ಪುಗಳಲ್ಲಿರುವ ಕಬ್ಬಿಣದ ಅಂಶವನ್ನು ದೇಹವು ಸುಲಭವಾಗಿ ಹೀರಿಕೊಳ್ಳಲಾರದು. ಅದೇ ಊಟದಲ್ಲಿ ‘ಸಿ’ ಜೀವಸತ್ವವು ಸೇರಿದರೆ ಹೀರಿಕೆಯು ಹೆಚ್ಚುವುದು. ೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ೧೫ರಿಂದ ೪೯ ವಯಸ್ಸಿನ ಭಾರತೀಯ ಸ್ತ್ರೀಯರಲ್ಲಿ ೧೦೦ಕ್ಕೆ ೫೭ ಮಂದಿಗೆ ರಕ್ತಹೀನತೆಯಿರುವುದಾಗಿ ಕಂಡುಬಂದಿತು. ಕಳೆ ತೆಗೆಯುವವರೂ ನಾಟಿ ಮಾಡುವವರೂ ಬಹುಮಟ್ಟಿಗೆ ಸ್ತ್ರೀಯರೇ ಆದುದರಿಂದ ಜಮೀನುದಾರರಿಗೆ ಇದು ಪರರ ವಿಷಯವಲ್ಲ. ಹಣ್ಣನ್ನು ಮಧ್ಯಾಹ್ನ ಬೇಸರಕ್ಕೆ ಕಚ್ಚಿ ತಿನ್ನುವುದಕ್ಕಿಂತ ಮುದ್ದೆಯೊಡನೆಯೇ ತಿನ್ನುವುದು ಈ ಕಾರಣದಿಂದ ಮೇಲು. ಬೇಯಿಸಿದರೆ ಈ ಸತ್ವವು ಬಹುಪಾಲು ನಷ್ಟವಾಗುವುದರಿಂದ ಹಸಿಯಾಗಿಯೇ ಬಡಿಸತಕ್ಕದ್ದು. ಅದಕ್ಕೆ ಕೋಸಂಬರಿಯೇ ತಕ್ಕ ಮಾರ್ಗ.

ಒಂದು ಪಾವು ಹೆಸರುಬೇಳೆಯನ್ನು ಚೆನ್ನಾಗಿ ತೊಳೆದು, ಕುಡಿಯಲು ಯೋಗ್ಯವಾದ ನೀರಿನಲ್ಲಿ ಒಂದು ಗಂಟೆಯ ಕಾಲ ನೆನೆಯಿಟ್ಟು, ನೀರನ್ನು ಪೂರ್ತಿಯಾಗಿ ಬಸಿಯಬೇಕು. ಸೀಬೆಯು ಕಡುಹಸಿರು ಹೋಗಿ ತಿಳಿಹಳದಿಗೆ ತಿರುಗುತ್ತಿರುವ, ಇನ್ನೂ ಗಟ್ಟಿಯಾಗಿರುವ ಹಣ್ಣಾಗಿರಲಿ. ಮೆತ್ತಗಾದ ಹಣ್ಣು ಬೇಳೆಯೊಡನೆ ಸೇರಿ ಮುದ್ದೆಯಾಗುವುದು. ನಾಲ್ಕೈದು ಹಣ್ಣು ಸಾಕು. ಸಿಪ್ಪೆಯನ್ನು ಸುಲಿಯಕೂಡದು, ಸಿಪ್ಪೆಯಲ್ಲಿಯೂ ಅದರ ಕೆಳಗಣ ತಿರುಳಿನಲ್ಲಿಯೂ ಸತ್ವವು ಹೆಚ್ಚು. ಹಲ್ಲಿಲ್ಲದ ವೃದ್ಧರಿಗಾಗಿ ನಡುವಣ ಬೀಜದ ಭಾಗವನ್ನು ತೆಗೆದಿಡಬಹುದು. ಹಣ್ಣನ್ನು ಸಣ್ಣಗೆ ಹೆಚ್ಚಿದೊಡನೆ ನಿಂಬೇರಸವನ್ನು ಹಿಂಡಿದರೆ ಕಪ್ಪಾಗುವುದಿಲ್ಲ. ಬಳಿಕ ಬೇಳೆ, ತೆಂಗಿನ ತುರಿ, ಕೊತ್ತಂಬರಿಸೊಪ್ಪು, ಹಸಿಮೆಣಸಿನಕಾಯಿಗಳನ್ನು ಸೇರಿಸಿ, ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆಯನ್ನು ಆರಿದ ಮೇಲೆ ಹಾಕಬೇಕು. ಉಪ್ಪನ್ನು ಮಾತ್ರ ಎಲೆ ಹಾಕಿದ ನಂತರವೇ ಬೆರೆಸತಕ್ಕದ್ದು. ಮೊದಲೇ ಬೆರೆಸಿದರೆ ಹಣ್ಣು ನೀರು ಬಿಟ್ಟು ಕೋಸಂಬರಿಯು ಸಾರಿನಂತಾಗುವುದು. ಹುಳಿ, ಖಾರ, ಸಿಹಿ ಮೂರೂ ಕೂಡಿದ ಇದರ ರುಚಿಗೆ ಸೌತೆಕಾಯಿಯ ಕೋಸಂಬರಿಯು ಸಾಟಿಯಲ್ಲವೆಂದು ನನ್ನ ಅಭಿಪ್ರಾಯ.

ಊಟದೊಡನೆ ಚಹಾ ಕುಡಿದರೆ ಕಬ್ಬಿಣದ ಹೀರಿಕೆಯು ಪುನಃ ತಗ್ಗುವುದೆಂಬುದನ್ನು ಆಳುಗಳಿಗೆ ಬುತ್ತಿ ಕಳುಹಿಸುವವರು ನೆನಪಿಡಬೇಕು. ಜಾತ್ರೆ, ರಾಮನವಮಿಗಳಲ್ಲಿ ನೂರಾರು ಜನರಿಗೆ ಕೋಸಂಬರಿಯನ್ನು ಹಂಚುವಾಗ ಗ್ರಾಮದ ಮುಖ್ಯರು ವಿಶೇಷ ಎಚ್ಚರಿಕೆ ವಹಿಸತಕ್ಕದ್ದು. ಬೇಯಿಸದ ಪದಾರ್ಥವಾದುದರಿಂದ ನೀರಿನ ದೋಷವೆಲ್ಲವೂ ನೇರವಾಗಿ ಹೊಟ್ಟೆಗೆ ಸೇರುವುದು. ಕಾಯಿಸಿ ಆರಿಸಿದ ನೀರನ್ನೇ ಉಪಯೋಗಿಸಿ, ಸ್ವಲ್ಪಸ್ವಲ್ಪವಾಗಿ ಬೆರೆಸಿ, ಬೆರೆಸಿದ್ದನ್ನು ಒಂದು ಗಂಟೆಯೊಳಗೆ ಮುಗಿಸಬೇಕು. ಮಿಕ್ಕದ್ದನ್ನು ಸಂಜೆಗೆಂದು ಇಡಕೂಡದು.

ಮಳೆಗಾಲದ ಬೆಳೆಗೆ ಹಣ್ಣುನೊಣದ ಬಾಧೆ ಹೆಚ್ಚು. ಹೊರಗೆ ಚುಕ್ಕೆಯಷ್ಟೇ ಕಂಡರೂ ಒಳಗೆ ಹುಳುಗಳಿರುವುದರಿಂದ ಪ್ರತಿಯೊಂದು ಹಣ್ಣನ್ನೂ ಸೀಳಿ ನೋಡಿಯೇ ಹೆಚ್ಚಬೇಕು. ಉದುರಿದ ಹಣ್ಣುಗಳನ್ನು ಮರದಡಿಯಲ್ಲಿ ಬಿಟ್ಟರೆ ಹುಳುಗಳು ಮಣ್ಣನ್ನು ಸೇರಿ ನೊಣಗಳಾಗಿ ಹೊರಬರುವುವು. ಅವನ್ನು ದಿನವೂ ಆರಿಸಿ ಎರಡು ಅಡಿ ಆಳದಲ್ಲಿ ಹೂಳಬೇಕು. ಚಳಿಗಾಲದ ಹಣ್ಣು ಶುದ್ಧವೂ ಹೆಚ್ಚು ರುಚಿಕರವೂ ಆಗಿರುವುದು.

ಹೊಸದಾಗಿ ನೆಡುವವರು ಬೀಜದ ಸಸಿಗಳನ್ನು ಬಿಟ್ಟು ಅಲಹಾಬಾದ್ ಸಫೇದ ಅಥವಾ ಲಕ್ನೋ-೪೯ ತಳಿಯ ಗೂಟಿ ಸಸಿಗಳನ್ನು ಆರಿಸಲಿ. ಎರಡು ಅಡಿ ಉದ್ದ, ಅಗಲ, ಆಳದ ಗುಣಿಗಳನ್ನು ೨೦ ಅಡಿಗಳ ಅಂತರದಲ್ಲಿ ಬೇಸಗೆಯಲ್ಲಿಯೇ ತೋಡಿ, ಕೊಟ್ಟಿಗೆಗೊಬ್ಬರವನ್ನೂ ಮೇಲ್ಮಣ್ಣನ್ನೂ ತುಂಬಿ, ಮುಂಗಾರು ಹಿಡಿದ ಮೇಲೆ ನೆಡತಕ್ಕದ್ದು. ಶಾಲೆಯ ಆವರಣದಲ್ಲಿ ಬಾವಿಯ ನೀರು ಹರಿದುಹೋಗುವ ಕಡೆ ಎರಡು ಸಸಿಗಳಿಗಾದರೂ ಸ್ಥಳವಿರುವುದು.