ದಿನಕ್ಕೊಂದು ಪೋಸ್ಟ್ ಹಾಕಿದರೆ ಕೆಲಸ ಸಿಗುತ್ತದೆಯೇ?

ಡಿಗ್ರಿ ಮುಗಿಸಿದ ಹುಡುಗ–ಹುಡುಗಿಯರಿಗೆ ಸಿಗುವ ಬಿಟ್ಟಿ ಸಲಹೆಗಳಲ್ಲಿ ಈಗ ಮೊದಲ ಸ್ಥಾನ ಇದಕ್ಕೆ: ‘ಲಿಂಕ್ಡ್‌ಇನ್‌ನಲ್ಲಿ ಆ್ಯಕ್ಟಿವ್ ಆಗಿರು, ಕಂಪನಿಯವರೇ ಹುಡುಕಿಕೊಂಡು ಬರ್ತಾರೆ.’ 2003ರ ಮೇ ತಿಂಗಳಲ್ಲಿ ಶುರುವಾಗಿ, 2016ರಲ್ಲಿ ಮೈಕ್ರೋಸಾಫ್ಟ್ ಪಾಲಾದ ಈ ಜಾಲತಾಣದಲ್ಲಿ ಭಾರತದ ಸದಸ್ಯರೇ ಹತ್ತು ಕೋಟಿಗೂ ಹೆಚ್ಚು. ಅಮೆರಿಕ ಬಿಟ್ಟರೆ ನಮ್ಮದೇ ದೊಡ್ಡ ಸಂಖ್ಯೆ. ಸಲಹೆ ಪೂರ್ತಿ ಸುಳ್ಳೇನಲ್ಲ. ಆದರೆ ಅದರ ಸುತ್ತ ಬೆಳೆದಿರುವ ನಂಬಿಕೆಗಳಲ್ಲಿ ಕಾಳಿಗಿಂತ ಜೊಳ್ಳೇ ಜಾಸ್ತಿ.

ತಪ್ಪು ಕಲ್ಪನೆ: ದಿನಾ ಪೋಸ್ಟ್ ಹಾಕುತ್ತಿದ್ದರೆ ರೆಕ್ರೂಟರ್‌ಗಳ ಕಣ್ಣಿಗೆ ಬೀಳುತ್ತೇವೆ.

ಸತ್ಯ: ರೆಕ್ರೂಟರ್‌ಗಳು ಫೀಡ್ ನೋಡುತ್ತ ಕೂತು ಅಭ್ಯರ್ಥಿಗಳನ್ನು ಆರಿಸುವುದು ಅಪರೂಪ. ದುಡ್ಡು ಕೊಟ್ಟು ಪಡೆಯುವ, ನಮಗೆ ಕಾಣದ ಒಂದು ಹುಡುಕಾಟದ ಸೌಲಭ್ಯ ಅವರ ಬಳಿ ಇರುತ್ತದೆ. ಹುದ್ದೆ, ಊರು, ಅನುಭವದ ವರ್ಷ, ಕೌಶಲ ಎಂದು ಒಂದೊಂದೇ ಷರತ್ತು ಹಾಕಿ ಪಟ್ಟಿಯನ್ನು ಕಿರಿದು ಮಾಡುತ್ತ ಹೋಗುತ್ತಾರೆ. ನೌಕರಿ ಡಾಟ್ ಕಾಮ್‌ನಲ್ಲೂ ಹೆಚ್ಚುಕಡಿಮೆ ಇದೇ ಕ್ರಮ.

ಹುಬ್ಬಳ್ಳಿಯ ಸಗಟು ವ್ಯಾಪಾರಿಯೊಬ್ಬರಿಗೆ ಅಕೌಂಟೆಂಟ್ ಬೇಕಾಗಿದೆ ಎನ್ನೋಣ. ಹುಡುಕುವವರು ಟೈಪ್ ಮಾಡುವುದು ‘ಅಕೌಂಟೆಂಟ್, ಟ್ಯಾಲಿ, ಜಿಎಸ್‌ಟಿ ರಿಟರ್ನ್ಸ್, ಹುಬ್ಬಳ್ಳಿ, 2ರಿಂದ 4 ವರ್ಷ’. ನಿಮ್ಮ ಹೆಸರಿನ ಕೆಳಗೆ ‘ಕನಸುಗಾರ, ಸದಾ ಕಲಿಯುವ ಹಂಬಲ, ಹೊಸ ಸವಾಲಿಗೆ ಸಿದ್ಧ’ ಎಂದಿದ್ದರೆ ಆ ಹುಡುಕಾಟಕ್ಕೆ ಸಿಕ್ಕುವ ಒಂದು ಪದವೂ ಅಲ್ಲಿಲ್ಲ. ನೀವು ತಿಂಗಳಿಡೀ ಸುವಿಚಾರ ಹಂಚಿಕೊಂಡಿದ್ದರೂ ಈ ಕೊರತೆ ತುಂಬದು. ಹೆಸರಿನ ಕೆಳಗಿನ ಸಾಲಿಗೆ 220 ಅಕ್ಷರಗಳಷ್ಟು ಜಾಗವಿದೆ. ಅಲ್ಲಿ ಹುದ್ದೆ, ಬಳಸುವ ಸಾಫ್ಟ್‌ವೇರ್, ಊರು, ಅನುಭವ ಬರೆಯಿರಿ. ಹುಡುಕಾಟ ಬಹುಪಾಲು ಇಂಗ್ಲಿಷ್ ಪದಗಳಲ್ಲೇ ನಡೆಯುವುದರಿಂದ ಇವಿಷ್ಟನ್ನು ಇಂಗ್ಲಿಷಿನಲ್ಲೇ ಬರೆಯುವುದು ಒಳ್ಳೆಯದು.

ತಪ್ಪು ಕಲ್ಪನೆ: ಹಾಗಾದರೆ ಪೋಸ್ಟ್ ಹಾಕುವುದೇ ದಂಡ.

ಸತ್ಯ: ದಂಡವಲ್ಲ. ಆದರೆ ಅದರ ಸರದಿ ಬರುವುದು ಆಮೇಲೆ. ಪಟ್ಟಿಯಲ್ಲಿ ಸಿಕ್ಕ ಹೆಸರನ್ನು ತೆರೆದಾಗ, ಬರೆದುಕೊಂಡಿರುವ ಕೆಲಸ ಈ ವ್ಯಕ್ತಿಗೆ ನಿಜಕ್ಕೂ ಗೊತ್ತಿದೆಯೇ ಎಂಬ ಅನುಮಾನ ನೋಡುವವರಿಗೆ ಇದ್ದೇ ಇರುತ್ತದೆ. ಅದಕ್ಕೆ ಉತ್ತರ ಕೊಡುವ ಬರಹ ಮಾತ್ರ ಉಪಯೋಗಕ್ಕೆ ಬರುತ್ತದೆ.

ಅದೇ ಅಕೌಂಟೆಂಟ್ ಹೀಗೆ ಬರೆದರೆ ಹೇಗಿರುತ್ತದೆ ನೋಡಿ: ‘ಮಾಲು ಮಾರಿದವರು ತಮ್ಮ ಜಿಎಸ್‌ಟಿಆರ್-1ರಲ್ಲಿ ಬಿಲ್ ತೋರಿಸದೆ ಬಿಟ್ಟರೆ ಅದು ನಮ್ಮ 2ಬಿ ಪಟ್ಟಿಗೆ ಬರುವುದಿಲ್ಲ. 2022ರ ಜನವರಿಯಿಂದ, ಅಲ್ಲಿ ಬಾರದ ಬಿಲ್ಲಿಗೆ ಇನ್‌ಪುಟ್ ಕ್ರೆಡಿಟ್ ಸಿಗದು. ಅದಕ್ಕೇ 14ನೇ ತಾರೀಖು 2ಬಿ ಬಂದ ಕೂಡಲೇ ಖರೀದಿ ಲೆಕ್ಕದ ಜೊತೆ ತಾಳೆ ನೋಡಿ, ಬಿಟ್ಟುಹೋದ ಬಿಲ್ಲುಗಳ ಪಟ್ಟಿ ಮಾಡಿ ಪಾರ್ಟಿಗಳಿಗೆ ಫೋನ್ ಮಾಡುತ್ತೇನೆ.’ ಮೂರೇ ವಾಕ್ಯ. ಅಲಂಕಾರವಿಲ್ಲ, ಇಂಗ್ಲಿಷಿನ ಬಿಂಕವಿಲ್ಲ. ಓದಿದ ವ್ಯಾಪಾರಿಗೆ, ಈತ ತನ್ನ ದುಡ್ಡು ಉಳಿಸಬಲ್ಲ ಎಂಬುದು ಗೊತ್ತಾಗುತ್ತದೆ. ಇಂಥ ಬರಹಕ್ಕೆ ಬೀಳುವ ಲೈಕ್ ಹತ್ತೇ ಇರಬಹುದು; ಇದನ್ನು ಬರೆದಿರುವುದು ಲೈಕಿಗಲ್ಲ. ಎಚ್ಚರ ಒಂದೇ: ಪಾರ್ಟಿಯ ಹೆಸರು, ಕಂಪನಿಯ ಅಂಕಿಅಂಶ, ಒಳಗಿನ ಕಡತದ ಸ್ಕ್ರೀನ್‌ಶಾಟ್ ಯಾವುದನ್ನೂ ಹಾಕಬಾರದು. ಇಂದಿನ ಮಾಲೀಕರ ಗುಟ್ಟು ಬಿಟ್ಟುಕೊಡುವವರನ್ನು ನಾಳಿನ ಮಾಲೀಕರು ನಂಬುವುದಿಲ್ಲ.

ಕಾಮೆಂಟಿಗೂ ಇದೇ ಮಾತು. ಸಿಕ್ಕಸಿಕ್ಕ ಪೋಸ್ಟಿಗೆಲ್ಲ ‘ಅದ್ಭುತ ಸರ್’ ಎಂದು ಹಾಕಿದರೆ ನಿಮ್ಮ ಬಗ್ಗೆ ಯಾರಿಗೂ ಏನೂ ತಿಳಿಯುವುದಿಲ್ಲ. ಗೊತ್ತಿರುವ ವಿಷಯದಲ್ಲಿ ಎರಡು ಸಾಲು ಸೇರಿಸಿದರೆ ತಿಳಿಯುತ್ತದೆ.

ತಪ್ಪು ಕಲ್ಪನೆ: ಕನೆಕ್ಷನ್ ಸಂಖ್ಯೆ 500 ದಾಟಿದರೆ ಅರ್ಧ ಕೆಲಸ ಆದಂತೆ.

ಸತ್ಯ: ಎಷ್ಟು ಜನ ಎಂಬುದಕ್ಕಿಂತ ಎಂಥ ಪರಿಚಯ ಎಂಬುದು ಮುಖ್ಯ. ಕೆಲಸದ ಸುದ್ದಿ ಆಪ್ತರಿಗಿಂತ ಹೆಚ್ಚಾಗಿ ಅಷ್ಟಕ್ಕಷ್ಟೇ ಪರಿಚಯದವರಿಂದ ಬರುತ್ತದೆ ಎಂದು ಸಮಾಜವಿಜ್ಞಾನಿ ಮಾರ್ಕ್ ಗ್ರಾನೊವೆಟರ್ 1973ರಲ್ಲೇ ವಾದಿಸಿದ್ದರು. ನಮ್ಮ ಆಪ್ತರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದೆ. ಹೊಸ ಸುದ್ದಿ ಹೊರಗಿನಿಂದಲೇ ಬರಬೇಕು. ಎರಡು ಕೋಟಿ ಲಿಂಕ್ಡ್‌ಇನ್ ಬಳಕೆದಾರರ ಮೇಲೆ ನಡೆದು 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನ ಇದನ್ನು ಬಹುಮಟ್ಟಿಗೆ ಎತ್ತಿಹಿಡಿಯಿತು, ಒಂದು ತಿದ್ದುಪಡಿಯೊಂದಿಗೆ: ಹೆಚ್ಚು ನೆರವಾಗುವವರು ತೀರ ಆಪ್ತರೂ ಅಲ್ಲ, ತೀರ ದೂರದವರೂ ಅಲ್ಲ, ನಡುವಿನವರು.

ಅಂದರೆ ಯಾರು? ಎರಡು ವರ್ಷ ಮೇಲಿನ ಕಾಲೇಜು ಸೀನಿಯರ್, ಇಂಟರ್ನ್‌ಶಿಪ್‌ನಲ್ಲಿ ಕೆಲಸ ಹೇಳಿಕೊಟ್ಟವರು, ಹಳೆಯ ಆಫೀಸಿನ ಪಕ್ಕದ ವಿಭಾಗದವರು. ಗುರುತಿಲ್ಲದ ಸಾವಿರ ಜನಕ್ಕೆ ರಿಕ್ವೆಸ್ಟ್ ಕಳಿಸುವ ಬದಲು ಇವರಿಗೆ ಬರೆಯಿರಿ. ‘ಸರ್, ಏನಾದ್ರೂ ಕೆಲಸ ಇದ್ರೆ ಹೇಳಿ’ ಎಂದರೆ ಅವರಾದರೂ ಏನು ಮಾಡಿಯಾರು? ‘ನಿಮ್ಮ ಕಂಪನಿಯಲ್ಲಿ ಇಂಥ ಹುದ್ದೆ ಖಾಲಿ ಇದೆ, ನನಗೆ ಇಷ್ಟು ಅನುಭವ ಇದೆ, ರೆಫರ್ ಮಾಡಬಹುದಾ?’ ಎಂದು ಕೇಳಿದರೆ ಉತ್ತರಿಸುವುದು ಸುಲಭ.

ತಪ್ಪು ಕಲ್ಪನೆ: ಕೆಲಸ ಹುಡುಕುತ್ತಿರುವುದನ್ನು ಗುಟ್ಟಾಗಿ ತಿಳಿಸಿದರೆ ಈಗಿನ ಕಂಪನಿಗೆ ಗೊತ್ತೇ ಆಗುವುದಿಲ್ಲ.

ಸತ್ಯ: ‘ಓಪನ್ ಟು ವರ್ಕ್’ನಲ್ಲಿ ಎರಡು ಆಯ್ಕೆಗಳಿವೆ. ಒಂದರಲ್ಲಿ ಫೋಟೊ ಸುತ್ತ ಹಸಿರು ಪಟ್ಟಿ ಬಂದು ಎಲ್ಲರಿಗೂ ಕಾಣುತ್ತದೆ. ಇನ್ನೊಂದರಲ್ಲಿ ರೆಕ್ರೂಟರ್‌ಗಳಿಗೆ ಮಾತ್ರ. ಎರಡನೆಯದರಲ್ಲಿ ನಿಮ್ಮದೇ ಕಂಪನಿಯ ರೆಕ್ರೂಟರ್‌ಗಳಿಗೆ ಕಾಣದಂತೆ ತಡೆಯುವ ಪ್ರಯತ್ನವಿದೆಯೇ ಹೊರತು ಪೂರ್ತಿ ಗೋಪ್ಯತೆಗೆ ಖಾತರಿ ಇಲ್ಲವೆಂದು ಲಿಂಕ್ಡ್‌ಇನ್ ತಾನೇ ಹೇಳುತ್ತದೆ.

ತಪ್ಪು ಕಲ್ಪನೆ: ಎಲ್ಲ ಕೆಲಸಕ್ಕೂ ಈಗ ಇದೇ ದಾರಿ.

ಸತ್ಯ: ಕೆಪಿಎಸ್‌ಸಿ, ಕೆಇಎ ನೇಮಕಾತಿಗೆ ಅಧಿಸೂಚನೆ, ಪರೀಕ್ಷೆ, ಮೀಸಲಾತಿ ನಿಯಮಗಳೇ ಆಧಾರ; ನಿಮ್ಮ ಫಾಲೋವರ್‌ಗಳನ್ನು ಅಲ್ಲಿ ಯಾರೂ ಎಣಿಸುವುದಿಲ್ಲ. ಪೀಣ್ಯದ ಸಣ್ಣ ಕಾರ್ಖಾನೆಗೆ ಫಿಟ್ಟರ್ ಬೇಕಾದರೆ ಐಟಿಐ, ಗುತ್ತಿಗೆದಾರ, ಒಳಗಿರುವ ಕೆಲಸಗಾರರ ಮಾತು ಇಂದಿಗೂ ನಡೆಯುತ್ತದೆ.

ತಪ್ಪು ಕಲ್ಪನೆ: ಇಂಥ ಜಾಲತಾಣದಲ್ಲಿ ಮೆಸೇಜ್ ಬಂತೆಂದರೆ ಅಸಲಿ ರೆಕ್ರೂಟರೇ.

ಸತ್ಯ: ನಕಲಿ ಖಾತೆ ಇಲ್ಲೂ ಇವೆ. ನೋಂದಣಿ ಶುಲ್ಕ, ಲ್ಯಾಪ್‌ಟಾಪ್ ಠೇವಣಿ, ತರಬೇತಿ ಫೀಸು ಎಂದು ದುಡ್ಡು ಕೇಳಿದರೆ ಮಾತು ಅಲ್ಲಿಗೇ ನಿಲ್ಲಿಸಿ. ಆ ಹುದ್ದೆ ಕಂಪನಿಯ ಸ್ವಂತ ವೆಬ್‌ಸೈಟಿನಲ್ಲಿ ಇದೆಯೇ ನೋಡಿ. ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಪ್ರೊಫೈಲ್ ನೆಟ್ಟಗೆ ಮಾಡಲು ಒಂದು ಭಾನುವಾರ ಸಾಕು. ಕೆಲಸದ ಬಗ್ಗೆ ಬರೆಯಲು ತಿಂಗಳಿಗೆ ಒಂದೆರಡು ಪೋಸ್ಟ್ ಸಾಕು. ಉಳಿದ ಹೊತ್ತನ್ನು ಕೆಲಸ ಕಲಿಯುವುದಕ್ಕೇ ಕೊಡಿ. ಸಂದರ್ಶನದಲ್ಲಿ ಕೇಳುವುದು ಅದನ್ನೇ.